ಉದ್ದ ಪೈಪಿನ ಕಾರು

ಈ ಫೋನಿನಲ್ಲಿ 'ಕ' ಒತ್ತಿದರೆ 'ಕ' ಬರುವುದಿಲ್ಲ. ನಾನು ಕನ್ನಡಕ ಸರಿಪಡಿಸಿಕೊಂಡು, ಬೆರಳು ತಪ್ಪಿತೇನೋ ಎಂದು ಇನ್ನೆರಡು ಸಲ ಒತ್ತಿ, ಮೊಮ್ಮಗಳನ್ನು ಕೂಗಲು ಬಾಯಿ ತೆರೆಯುವ ಹೊತ್ತಿಗೆ ಮೂರು 'ಕ'ಗಳು ಬಸ್ಸಿನಿಂದಿಳಿದ ಬೀಗರ ಹಾಗೆ ಒಟ್ಟಿಗೇ ದಡಬಡನೆ ಬಂದು ನಿಲ್ಲುತ್ತವೆ. "ಆಯಿ, ಫೋನ್ ಹಳೇದ ಐತಿ, ಲ್ಯಾಗ್ ಆಗತೈತಿ. ಲ್ಯಾಗ್ ಅಂದ್ರ ಏನಂದ್ರ..." ಎಂದು ನನ್ನ ಟೈಪಿಂಗ್ ಗುರುವಾದ ಮೊಮ್ಮಗಳು ವಿವರಿಸಲು ಹೊರಟಳು. ಪಾಪ, ಅವಳಪ್ಪನಿಗೆ ಮೀಸೆ ಮೂಡುವ ಮೊದಲೇ ನಾನು ಆ ಲ್ಯಾಗಿನೊಂದಿಗೆ ಸಂಸಾರ ಮಾಡಿದವಳೆಂದು ಅವಳಿಗೇನು ಗೊತ್ತು!

ತೊಂಬತ್ತರ ದಶಕದ ಆರಂಭ. ನಮ್ಮ ಮನೆ ಕಾಗವಾಡದ ಹತ್ತಿರ, ಕಬ್ಬು ಮತ್ತು ದ್ರಾಕ್ಷಿಯ ನಡುವೆ. ಉಂಡು ತಿಂದು ಸುಖವಾಗಿದ್ದ ನಮ್ಮ ಯಜಮಾನರಿಗೆ ಆಟೋಕ್ರಾಸ್ ಎಂಬ ವ್ಯಾಧಿ ಅಂಟಿಕೊಂಡಿತು. ನಿಮಗೆ ಈ ಮಹಾಕ್ರೀಡೆಯ ಪರಿಚಯವಿಲ್ಲದಿದ್ದರೆ ಹೇಳುತ್ತೇನೆ: ಬೆಳೆ ಕಿತ್ತ ಬಯಲಿನಲ್ಲಿ ತಗಡಿನ ಡ್ರಮ್ಮುಗಳನ್ನು ನಿಲ್ಲಿಸಿ, ಒಂದೊಂದೇ ಕಾರನ್ನು ಅವುಗಳ ನಡುವೆ ಹಾವಿನಂತೆ ಹರಿಸಿ, ಹೊರಟಲ್ಲಿಗೇ ಎಷ್ಟು ಬೇಗ ಬಂದು ಮುಟ್ಟಿತೆಂದು ಗಡಿಯಾರ ಹಿಡಿದು ನೋಡುವುದು. ಹೊರಟಲ್ಲಿಗೇ ಬರಬೇಕೆಂದಿದ್ದರೆ ಹೊರಡುವುದೇಕೆ ಎಂಬ ತಾತ್ವಿಕ ಪ್ರಶ್ನೆ ಗಂಡಸರಿಗೆ ಹೊಳೆಯುವುದಿಲ್ಲ. ಡ್ರಮ್ಮಿಗೆ ತಗುಲಿದರೆ ಸೆಕೆಂಡುಗಳ ದಂಡ. ನಮ್ಮವರು ಹೋದಲ್ಲೆಲ್ಲ ಡ್ರಮ್ಮುಗಳೊಂದಿಗೆ ಆತ್ಮೀಯವಾಗಿಯೇ ಇರುತ್ತಿದ್ದರು.

ನನ್ನ ಚಿಂತೆ ಡ್ರಮ್ಮಿನದಲ್ಲ, ಚಾವಿಯದು. ನನಗೆ ಕಾರು ಓಡಿಸಲು ಬರುತ್ತಿತ್ತು. ಮದುವೆಗೆ ಮೊದಲೇ, ಇದೇ ಸೀಮೆಯ ನನ್ನ ತವರೂರು ಅನಂತಪುರದಲ್ಲಿ ಅಣ್ಣ ಜೀಪಿನಲ್ಲಿ ಕೂರಿಸಿ ಕಲಿಸಿದ್ದ. ಅದೇ ಅನಂತಪುರದಲ್ಲಿ ನನ್ನವ್ವನ ಕಣ್ಣು ಪೂರ್ತಿ ಮಬ್ಬಾಗಿ, ಅವಳೀಗ ಕೈ ಮುಟ್ಟಿಯೇ ಜನರನ್ನು ಗುರುತಿಸುತ್ತಿದ್ದಳು. ವಾರಕ್ಕೊಮ್ಮೆಯಾದರೂ ನನ್ನ ಕೈ ಅವಳ ಕೈಗೆ ಸಿಗಬೇಕೆಂಬುದು ನನ್ನ ಆಸೆ. ಎರಡು ಬಸ್ಸು ಬದಲಿಸಿ ಹೋಗಿಬರುವುದರಲ್ಲಿ ದಿನವೇ ಮುಗಿಯುತ್ತಿತ್ತು. ಕಾರು ಮಾತ್ರ ಬಯಲಿನ ಡ್ರಮ್ಮುಗಳ ಯೋಗಕ್ಷೇಮ ವಿಚಾರಿಸಲು ಹೋಗುತ್ತಿತ್ತು. ಚಾವಿ ಯಜಮಾನರ ಒಳಜೇಬಿನಲ್ಲಿ ಎದೆಗೆ ಅಂಟಿಕೊಂಡಿರುತ್ತಿತ್ತು.

ಕೇಳಬಾರದಿತ್ತೇ ಎನ್ನುತ್ತೀರಿ. ಕೇಳಿದ್ದೆನಲ್ಲ! ಆದರೆ ಹಿರಿಯರ ಎದುರು ಸೊಸೆ ಗಂಡನೊಂದಿಗೆ ನೇರವಾಗಿ ಮಾತಾಡುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ, ಮತ್ತು ಹಿರಿಯರಿಲ್ಲದ ಮೂಲೆಯೂ ಇರಲಿಲ್ಲ. ನಾನು ಅತ್ತೆಗೆ ಹೇಳಬೇಕು, ಅತ್ತೆ ಊಟಕ್ಕೆ ಕುಳಿತ ಮಾವನವರ ಕಿವಿಗೆ ಹಾಕಬೇಕು, ಮಾವನವರು ಮನಸ್ಸು ಬಂದಾಗ ಮಗನಿಗೆ ತಿಳಿಸಬೇಕು. ಚಾವಿ ಕೇಳಿ ನಾಲ್ಕು ತಿಂಗಳಾದ ಮೇಲೆ ಅದೇ ದಾರಿಯಲ್ಲಿ ಉತ್ತರ ಬಂತು: ಒಂದು ಇಳಕಲ್ ಸೀರೆ. ಸೀರೆ ಚೆನ್ನಾಗಿಯೇ ಇತ್ತು. ಅದಕ್ಕೆ ಗಾಲಿ ಇರಲಿಲ್ಲ, ಅಷ್ಟೆ.

ಅಷ್ಟರಲ್ಲಿ ನಿಪ್ಪಾಣಿಯ ಬಾಳೂ ಮಿಸ್ತ್ರಿ ನಮ್ಮ ಹಳೆಯ ಡೀಸೆಲ್ ಕಾರಿಗೆ ಟರ್ಬೊ ಕೂರಿಸಿದ. ಎಂಜಿನ್ನು ಉಗುಳುವ ಹೊಗೆಯಿಂದಲೇ ಒಂದು ಚಕ್ರ ತಿರುಗಿ, ಅದು ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ; ಗಾಳಿ ಹೆಚ್ಚಿದಂತೆ ಶಕ್ತಿಯೂ ಹೆಚ್ಚುತ್ತದೆ. ಇಷ್ಟೇ ಸಂಗತಿ. ಆದರೆ ನಮ್ಮವರು ಸಣ್ಣದಕ್ಕೆ ಒಪ್ಪುವ ಪೈಕಿಯೇ? ಗುಜರಿಗೆ ಬಂದ ಲಾರಿಯೊಂದರ ಟರ್ಬೊ, ಕುಂಬಳಕಾಯಿ ಗಾತ್ರದ್ದು, ತಂದು ಹಾಕಿಸಿದರು. ಗಾಳಿ ತಂಪಾದಷ್ಟೂ ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ, ಅದರ ಗಾಳಿ ಕೊಳವೆಯನ್ನು ಮುಂದಿನಿಂದ ಡಿಕ್ಕಿಯವರೆಗೆ ಒಯ್ದು, ಅಲ್ಲಿ ಒಂದು ಸುತ್ತು ಸುತ್ತಿಸಿ ಮತ್ತೆ ಮುಂದಕ್ಕೆ ತಂದರು. ಇದು ಶುದ್ಧ ನಮ್ಮ ಸೀಮೆಯ ತಪ್ಪು. ಕೃಷ್ಣಾ ನದಿಯಿಂದ ಎಷ್ಟು ದೂರ ಪೈಪ್‌ಲೈನ್ ಎಳೆದಿದ್ದಾನೆಂಬುದರ ಮೇಲೆ ಇಲ್ಲಿ ಗಂಡಸಿನ ತೂಕ. ಉದ್ದ ಪೈಪು ಹೊಲದಲ್ಲಿ ಪ್ರತಿಷ್ಠೆಯಾದರೆ ಕಾರಿನಲ್ಲೇಕಾಗಬಾರದು?

ಪರಿಣಾಮ ಅದ್ಭುತ. ತಿರುವಿನಲ್ಲಿ ಯಜಮಾನರು ಕಾಲು ಒತ್ತಿದರೆ ಕಾರು ಧ್ಯಾನಕ್ಕೆ ಕೂರುತ್ತಿತ್ತು. ತಿರುವು ಮುಗಿದ ಮೇಲೆ ಅದಕ್ಕೆ ಜ್ಞಾನೋದಯವಾಗಿ, ಗೂಳಿಯಂತೆ ನುಗ್ಗಿ ಡ್ರಮ್ಮನ್ನು ಅಪ್ಪಿಕೊಳ್ಳುತ್ತಿತ್ತು. ದಿನವೂ ನಮ್ಮ ತಗಡಿನ ಪತ್ರಾಸ್ ಶೆಡ್ಡಿನಲ್ಲಿ ಪಂಡಿತರ ಸಭೆ. ನಾಲ್ಕು ಜನ ಬಾನೆಟ್ಟಿನೊಳಗೆ ತಲೆ ತೂರಿಸಿ ಟರ್ಬೊ ಲ್ಯಾಗಿನ ಮೀಮಾಂಸೆ ಮಾಡುತ್ತಿದ್ದರು. ಲ್ಯಾಗಿಲ್ಲದೆ ಬರುತ್ತಿದ್ದುದು ನನ್ನ ಚಹಾ ಒಂದೇ.

ಒಂದು ಬೆಳಿಗ್ಗೆ ನಾನು ದ್ರಾಕ್ಷಿ ತೋಟದಲ್ಲಿ ಪೈಪಿನ ಬಾಯಿಯ ಬಳಿ ಕಾಯುತ್ತಿದ್ದೆ. ಹೊಳೆಯ ದಂಡೆಯಲ್ಲಿ ಮೋಟಾರು ಚಾಲೂ ಆಗಿ ಎಷ್ಟೋ ಹೊತ್ತಾಗಿತ್ತು, ನೀರಿಲ್ಲ. ಪೈಪು ತುಂಬುವವರೆಗೆ ಪೈಪೇ ಕುಡಿಯುತ್ತದೆ. ತುಂಬಿದ ಮೇಲಷ್ಟೇ ಬೆಳೆಗೆ. ನೀರು ಹಿಂದಕ್ಕೆ ಹೋಗದಂತೆ ತಡೆಯುವ ಬುಡದ ಫುಟ್‌ವಾಲ್ವ್ ಸರಿಯಿದ್ದರೆ ಮೋಟಾರು ನಿಂತರೂ ನೀರು ಒಳಗೇ ನಿಂತು, ಮರುಸಲ ಥಟ್ಟನೆ ಬರುತ್ತದೆ. ನನ್ನ ತಲೆಯೊಳಗೆ ಕಾರೊಂದು ಸದ್ದಿಲ್ಲದೆ ಚಾಲೂ ಆಯಿತು.

ಅಂದು ಚಹಾದ ತಾಟು ಹಿಡಿದು ಶೆಡ್ಡಿಗೆ ಹೋದೆ. ಬಾಗಿಲಲ್ಲಿ ಅತ್ತೆ ಶೇಂಗಾ ಸುಲಿಯುತ್ತ ಕುಳಿತಿದ್ದರು. ನಾನು ಪದ್ಧತಿಯಂತೆ ಮಿಸ್ತ್ರಿಗೇ ಹೇಳಿದೆ: "ಬಾಳೂಭಾವು, ಎರಡ ಹರದಾರಿ ಪೈಪ್ ತುಂಬಿಸಿ ಒಂದ್ ಬಳ್ಳಿಗೆ ನೀರ್ ಹಾಕಿದಂಗಾತು ನಿಮ್ಮ ಕೆಲಸ. ಪೈಪ್ ಮೊಳದುದ್ದ ಮಾಡ್ರಿ. ಲಾರಿ ಟರ್ಬೊದ ಚಕ್ರ ತಗದು ಸಣ್ಣದು ಹಾಕ್ರಿ, ಹಗೂರ ಇದ್ದದ್ದು ಲಗೂ ತಿರಗತೈತಿ."

ನಟ್ಟು ಬಿಗಿಯುತ್ತಿದ್ದ ಮಿಸ್ತ್ರಿಯ ಕೈಯಲ್ಲಿ ಪಾನಾ ನಿಂತಿತು. ಅವನಿಗೆ ನಾನು ವೈನಿ, ಅಂದರೆ ಅತ್ತಿಗೆ. "ಅರೇ ದೇವಾ! ವೈನಿ, ಮತ್ತ ತಿರುವಿನ್ಯಾಗ ಕಾಲ್ ತಗದಾಗ ಅದು ನಿಲ್ಲತೈತಲ್ಲ?"

"ತಗೀಬ್ಯಾಡ್ರಿ. ಬಲಗಾಲ ಎಕ್ಸಲೇಟರ್ ಮ್ಯಾಲ ಇರಲಿ, ಎಡಗಾಲಿಂದ ಬ್ರೇಕ್ ಹಿಡೀರಿ. ಟರ್ಬೊದ ಚಕ್ರ ತಿರಗಕೋತನ ಇರತೈತಿ. ಫುಟ್‌ವಾಲ್ವ್ ಇದ್ದಂಗ."

ಯಜಮಾನರು ನಕ್ಕರು. ನನಗಲ್ಲ, ಅತ್ತೆಗೆ ಹೇಳಿದರು: "ಅವ್ವಾ, ನಿನ್ನ ಸೊಸಿ ಇಂಜಿನಿಯರ್ ಆಗ್ಯಾಳ ನೋಡು. ಇಕಿ ಹೇಳಿದಂಗ ಮಾಡಿ ಒಂದ್ ಡ್ರಮ್ಮಿಗೂ ಬಡೀದಂಗ ಬಂದೆ ಅಂದ್ರ, ವಾರಕ್ಕ ಎರಡ ದಿನ ಚಾವಿ ಇಕಿ ಕೈಯಾಗ!"

ಅತ್ತೆ ಶೇಂಗಾದಿಂದ ಕಣ್ಣೆತ್ತದೆ, "ನಾ ಕೇಳೀನಿ" ಎಂದರು. ಅಷ್ಟೇ. ಆದರೆ ಅತ್ತೆ ಕೇಳಿದ್ದು ಎಂದರೆ ದಾಖಲಾದಂತೆ.

ಮುಂದಿನ ಸ್ಪರ್ಧೆ ನಿಪ್ಪಾಣಿಯ ಹೊರಗೆ, ತಂಬಾಕು ಕಿತ್ತ ಬಯಲಿನಲ್ಲಿ. ಅಷ್ಟರೊಳಗೆ ಮಿಸ್ತ್ರಿ ಪೈಪು ಕತ್ತರಿಸಿ ಸಣ್ಣ ಟರ್ಬೊ ಕೂರಿಸಿದ್ದ. ಮನೆಮಂದಿಯೆಲ್ಲ ಹೋದೆವು. ಒಬ್ಬೊಬ್ಬರಿಗೆ ಎರಡು ಓಟ. ಮೊದಲ ಓಟದಲ್ಲಿ ನಮ್ಮವರ ಎಡಗಾಲು, ಜೀವಮಾನವಿಡೀ ಕ್ಲಚ್ಚನ್ನು ತುಳಿದ ಕಾಲು, ಬ್ರೇಕನ್ನೂ ಅಷ್ಟೇ ಭಕ್ತಿಯಿಂದ ತುಳಿಯಿತು. ಕಾರು ನಟ್ಟನಡುವೆ ನಿಂತು, ಎಂಜಿನ್ನು ಸತ್ತು, ಬಯಲೆಲ್ಲ ನಕ್ಕಿತು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ. ಆದರೆ ಸೆರಗಿನೊಳಗೆ ಮುಷ್ಟಿ ಬಿಗಿದಿತ್ತು. ಎರಡನೆಯ ಓಟಕ್ಕೆ ಅವರು ಎಡಗಾಲಿನ ಚಪ್ಪಲಿ ಕಳಚಿಟ್ಟು ಕುಳಿತರು. ಈ ಸಲ ಕಾಲು ನಾಜೂಕಾಯಿತು. ಕಾರು ತಿರುವಿಗೊಮ್ಮೆ ಧ್ಯಾನ ಮಾಡದೆ, ಒತ್ತಿದ ಕ್ಷಣಕ್ಕೆ ಎದ್ದು, ಒಂದೊಂದು ಡ್ರಮ್ಮನ್ನೂ ಕೂದಲೆಳೆಯಲ್ಲಿ ತಪ್ಪಿಸಿ ಬಂತು. ಮೂರನೆಯ ಬಹುಮಾನ.

ಕೊರಳಿಗೆ ಹಾರ ಬಿದ್ದೊಡನೆ ಯಜಮಾನರು ಘೋಷಿಸಿದರು: "ಎಲ್ಲಾ ಬಾಳೂನ ತಲಿ!"

"ನಂದಲ್ರೀ ಸಾವ್ಕಾರ, ವೈನೀಂದು" ಎಂದ ಮಿಸ್ತ್ರಿ. ಯಜಮಾನರಿಗೆ ಆ ಹೊತ್ತಿಗೆ ಸರಿಯಾಗಿ ಕಿವಿ ಮಂದವಾಯಿತು.

ನಾನು ಅತ್ತೆಯ ಕಡೆ ನೋಡಿದೆ. ಎಂದಿನಂತೆ ಅವರ ಕಿವಿಗೆ ಹಾಕಿದರೆ ಅದು ಮಾವನವರಲ್ಲಿಗೆ ಹೋಗಿ, ಮುಂದಿನ ದೀಪಾವಳಿಗೆ ಇನ್ನೊಂದು ಸೀರೆಯಾಗಿ ಬರುತ್ತಿತ್ತು. ಕಾರಿನ ಪೈಪು ಕತ್ತರಿಸಿದವಳಿಗೆ ಮನೆಯ ಪೈಪು ಕತ್ತರಿಸಲು ಬಾರದೇ? ಜನರ ನಡುವೆ ಹೋಗಿ ಯಜಮಾನರ ಎದುರಿಗೇ ನಿಂತು ಕೈ ಚಾಚಿದೆ.

"ಚಾವಿ ಕೊಡ್ರಿ."

ಅವರು ತಾಯಿಯ ಮುಖ ನೋಡಿದರು. "ಅವ್ವಾ, ಇಕಿಗೆ ಹೇಳ..."

"ಅತ್ತಿಯವರಿಗೆ ಯಾಕ ಹೇಳ್ತೀರಿ? ನಿಮಗ ಕೇಳಾಕತ್ತೀನಿ ನಾ."

ಅತ್ತೆ ಆಕಾಶ ನೋಡಿದರು. ಲಾರಿಯ ಟರ್ಬೊಗಿಂತಲೂ ನಿಧಾನವಾಗಿ ಯಜಮಾನರ ಕೈ ಎದೆಯತ್ತ ಎದ್ದಿತು. ಆಮೇಲೆ ಒಳಜೇಬಿನಿಂದ ಬೆಚ್ಚಗಿನ ಚಾವಿ ಬಂದು ನನ್ನ ಅಂಗೈ ಮೇಲೆ ಬಿತ್ತು.

ಮರುದಿನ ಅನಂತಪುರದಲ್ಲಿ ಅವ್ವ ನನ್ನ ಕೈ ಹಿಡಿದು, ಮೂಗಿನ ಹತ್ತಿರ ಒಯ್ದು ಕೇಳಿದಳು: "ಡೀಸೆಲ್ ವಾಸನಿ ಬರಾಕತ್ತೈತಿ. ಯಾರ್ ಕರಕೊಂಡ್ ಬಂದ್ರು ನಿನ್ನ?"

"ಯಾರೂ ಇಲ್ಲವ್ವ. ನಾನ ಬಂದೆ."

ಅವಳು ಬಹಳ ಹೊತ್ತು ಆ ಕೈ ಬಿಡಲಿಲ್ಲ. ಅವಳು ಇರುವವರೆಗೂ ವಾರಕ್ಕೆರಡು ದಿನ ಅದು ಅವಳಿಗೆ ಸಿಕ್ಕಿತು.

ಕಾರುಗಳು ಬದಲಾದವು, ಚಾವಿ ಮಾತ್ರ ಅಂದಿನಿಂದ ನನ್ನ ಸೊಂಟ ಬಿಟ್ಟಿಲ್ಲ. ಎರಡು ದಿನ ಯಾವಾಗ ಏಳಾಯಿತೋ ಯಾರೂ ಕೇಳಲಿಲ್ಲ. ಈಗ ನಮ್ಮವರೂ ಫೋನು ಹಿಡಿದಿದ್ದಾರೆ. ಇಷ್ಟು ಬರೆಯುವಷ್ಟರಲ್ಲಿ ಹತ್ತೇ ಹೆಜ್ಜೆ ದೂರದ ಪಡಸಾಲೆಯಿಂದ ಅವರದೊಂದು ಸಂದೇಶ ಬಂದಿದೆ: "ಚಾವಿ ಎಲ್ಲೈತಿ?" ನಾನು 'ಕ' ಒತ್ತಿ, 'ಕೊಡ್ತೀನಿ' ಎಂದು ಬರೆದು ಕುಳಿತಿದ್ದೇನೆ. ಅಕ್ಷರಗಳೇನೋ ಆಗಲೇ ಬಂದಿವೆ. ಕಳಿಸುತ್ತೇನೆ, ಅವಸರವೇನು? ಪೈಪು ಸ್ವಲ್ಪ ತುಂಬಲಿ.