ಎರಡು ದಿನದ ವಿಮಾನ

ಹೈದರಾಬಾದಿನ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲದಲ್ಲಿ ಯಂಕಮ್ಮ ಗಂಡನ ಜೊತೆ ಸುರಪುರದ ಕಡೆಯಿಂದ ಬಂದು ಅಲ್ಲಿ ಸಿಮೆಂಟು ಹೊತ್ತವಳು. ಗಂಡ ಗೊಲ್ಲಾಳಪ್ಪ ಗೌಂಡಿ ಕೆಲಸಕ್ಕೆಂದು ದುಬೈಗೆ ಹೋದ ಮೇಲೆ ಬುಟ್ಟಿ ಕೆಳಗಿಟ್ಟು, ಕಂಪನಿ ಹುಡುಗಿಯರ ಬಾಡಿಗೆ ಮನೆಯಲ್ಲಿ ಅಡಿಗೆಗೆ ನಿಂತಳು. ಗಂಡ ಹೇಳಿದ್ದೇ ಅವಳಿಗೆ ವೇದವಾಕ್ಯ, ಪಾಪ.

ಹೋದ ಬೇಸಿಗೆಯಲ್ಲಿ ಊರಲ್ಲಿ ಮಾವ ತೀರಿಕೊಂಡ. ಇದ್ದವನೊಬ್ಬನೇ ಮಗ, ಅವನ ಕೈಯ ಹಿಡಿ ಮಣ್ಣು ಬೀಳದೆ ಕುಣಿ ಮುಚ್ಚಬಾರದೆಂದು ಅತ್ತೆ ಹಟ ಹಿಡಿದಳು. ಮರುದಿನ ಸಂಜೆಯವರೆಗೆ ಕಾಯೋಣವೆಂದರು ಹಿರಿಯರು. ಸುದ್ದಿ ಕೇಳಿ ಊರಿಗೆ ಓಡಿಬಂದಿದ್ದ ಯಂಕಮ್ಮ ಫೋನು ಮಾಡಿದಾಗ ಗೊಲ್ಲಾಳಪ್ಪ ಗೊಳೋ ಎಂದು ಅತ್ತ. ಸಾಹೇಬ ರಜೆ ಕೊಡುತ್ತಾನೆ, ಆದರೆ ವಿಮಾನ ಎರಡು ದಿನ ಹಾರಬೇಕು, ಈ ಬಿಸಿಲಲ್ಲಿ ಹೆಣ ಕಾಯಿಸಬೇಡಿ ಎಂದ. ಅವಳು ಅದನ್ನು ನೆರೆದ ಮಂದಿಗೆಲ್ಲ ತಾನೇ ಹೇಳಿದಳು. ಅತ್ತೆಯ ಕೈಹಿಡಿದು ಒಪ್ಪಿಸಿದವಳೂ ಅವಳೇ. ದಾಯಾದಿಯೊಬ್ಬ ಮಣ್ಣು ಹಾಕಿದ. ಆಮೇಲೆ ಅತ್ತೆಯನ್ನು ಹೈದರಾಬಾದಿಗೆ ಕರೆತಂದು ಇಟ್ಟುಕೊಂಡಳು.

ಈಗ ಬಾಡಿಗೆ ಮನೆಯಲ್ಲಿದ್ದ ಮೈಸೂರಿನ ಹುಡುಗಿ ಅನ್ವಿತಾ ಕಂಪನಿ ಕೆಲಸದ ಮೇಲೆ ದುಬೈಗೆ ಹೊರಟಳು. ಯಂಕಮ್ಮ ಬೆವರು ಸುರಿಸಿ ಖಡಕ್ ರೊಟ್ಟಿ ಬಡಿದು, ನೆಂಚಿಕೊಳ್ಳಲು ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಎರಡು ದಿನ ಮೇಲೇ ಇರಬೇಕಲ್ಲ, ಹಸಿದು ಕೂರಬಾರದೆಂದು.

ಅನ್ವಿತಾ ನಕ್ಕಳು. "ಎರಡು ದಿನ ಯಾಕೆ ಯಂಕಮ್ಮ? ತಿಂಡಿ ತಿಂದು ಹತ್ತಿದ್ರೆ ಊಟಕ್ಕೆ ಅಲ್ಲಿರ್ತೀನಿ. ನಾಲ್ಕು ಗಂಟೆ ಅಷ್ಟೇ."

ಯಂಕಮ್ಮನಿಗೆ ಗಂಡನ ಮೇಲೆ ಅನುಮಾನ ಬರಲಿಲ್ಲ. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಪ್ಯಾಸೆಂಜರ್ ರೈಲು ಅವಳಿಗೆ ಗೊತ್ತಿತ್ತು.

"ಕೂಲಿಯವರ ವಿಮಾನ ಬ್ಯಾರೆ ಇರತೈತೇನ್ರಿ? ಸಾವಕಾಶ ಹೋಗೂದು?"

ಅನ್ವಿತಾಳ ನಗು ನಿಂತಿತು. ಹಾಗೇನಿಲ್ಲ, ಎಲ್ಲರಿಗೂ ಒಂದೇ ಎಂದಳು.

ಯಂಕಮ್ಮ ಲೆಕ್ಕ ಹಾಕಿದಳು. ಸುರಪುರದ ಬಸ್ಸಿಗೇ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಹಿರಿಯರು ಕಾಯುತ್ತೇವೆಂದ ಅವಧಿಯೊಳಗೆ ಅವನು ಬಂದು ಮುಟ್ಟುತ್ತಿದ್ದ. ಸುಳ್ಳು ಹೇಳಿದ್ದು ಹಾಳಾಗಲಿ, ಆ ಸುಳ್ಳನ್ನು ಹೆಣದ ಮುಂದೆ ತನ್ನ ಬಾಯಿಂದ ಹೇಳಿಸಿದನಲ್ಲ ಎಂದುಕೊಂಡಳು.

ಶುಕ್ರವಾರ ಅವನಿಗೆ ರಜೆ. ಎಂದಿನಂತೆ ಫೋನು ಬಂತು. ಅವಳು ಕೇಳಿಯೇಬಿಟ್ಟಳು.

"ಖರೇ ಹೇಳಿದ್ದರ ನೀ ಬಾ ಅಂತಿದ್ದಿ," ಎಂದ ಗೊಲ್ಲಾಳಪ್ಪ.

ಅವನಿಗೆ ಬರುವ ಮನಸ್ಸೇ ಇರಲಿಲ್ಲ, ಅಷ್ಟೇ. ಪಕ್ಕದಲ್ಲಿ ಅತ್ತೆ ಮಗನ ದನಿ ಕೇಳಲು ಕೈಚಾಚಿ ಕೂತಿದ್ದಳು.

"ಅವತ್ತ ನಿಮ್ಮ ಪರವಾಗಿ ನಾ ಹೇಳೀನಿ. ಇವತ್ತ ನಿಮ್ಮ ಅವ್ವಗ ನೀವೇ ಹೇಳ್ರಿ," ಎಂದು ಯಂಕಮ್ಮ ಫೋನನ್ನು ಮುದುಕಿಯ ಕೈಗೆ ಕೊಟ್ಟಳು.

ಮುದುಕಿ ಕಿವಿಗೆ ಹಚ್ಚಿಕೊಳ್ಳುವುದರೊಳಗೆ ಆ ಕಡೆಯಿಂದ ಲೈನು ಕಟ್ಟಾಯಿತು. ಅವಳು ಬೇಸರಪಡಲಿಲ್ಲ. ಮಗ ಭಾಳ ದೂರ ಇದ್ದಾನೆ, ಲೈನು ಹೇಗೆ ನಿಲ್ಲಬೇಕು ಎಂದು ಸಮಾಧಾನ ಮಾಡಿಕೊಂಡಳು.

ಯಂಕಮ್ಮ ಅವಳೆದುರು ನೆಲಕ್ಕೆ ಕೂತಳು.

"ದೂರ ಇಲ್ಲ ಅತ್ತಿ," ಅಂದಳು. "ನಾಲ್ಕು ತಾಸಿನ ದಾರಿ."