ಸೋಸಲೆಯ ಅಜ್ಜಿಯ ಹೆಬ್ಬೆಟ್ಟು

ಬಾಗಿಲಿಗೆ ನೀರು ಹಾಕಿದೆ, ಹಾಲು ಕಾಯಿಸಿದೆ, ಅತ್ತೆಯ ಕಣ್ಣಿಗೆ ಔಷಧಿ ಬಿಟ್ಟೆ. ನೆನೆಸಿದ ಅಕ್ಕಿ ರುಬ್ಬಿದೆ. ಇವರ ಅಂಗಿಗೆ ಗುಂಡಿ ಹೊಲಿದೆ. ಡಬ್ಬಿಗೆ ಚಿತ್ರಾನ್ನ ತುಂಬಿಕೊಂಡು ನಡೆದೇ ಕೆಲಸಕ್ಕೆ ಹೋದೆ.

ನನ್ನ ಕೌಂಟರು ಈಗ ತಿ. ನರಸೀಪುರದಲ್ಲೇ, ಮನೆಗೆ ಹತ್ತಿರ. ಪಹಣಿ, ಜಾತಿ ಪತ್ರ, ಪಿಂಚಣಿ ಎಲ್ಲ ಸರ್ಕಾರದ ಕೆಲಸ. ಕಂಪ್ಯೂಟರು, ಕುರ್ಚಿ, ನಮ್ಮ ಸಂಬಳ ಕಂಪನಿಯದು. ಹೋದ ವರ್ಷದವರೆಗೆ ದಿನಾ ಬಸ್ಸು ಹಿಡಿದು ಸೋಸಲೆಗೆ ಹೋಗುತ್ತಿದ್ದೆ. ಟೆಂಡರು ಮುಗಿದು ಆ ಊರಿನ ಕೇಂದ್ರ ಬೇರೆ ಕಂಪನಿಯ ಪಾಲಾಯಿತು. ನಮ್ಮ ಕಂಪನಿಯವರು ನನ್ನನ್ನು ಇಲ್ಲಿಗೆ ಹಾಕಿದರು. ಬಸ್ಸಿನ ತಾಪತ್ರಯ ತಪ್ಪಿತು, ಪುಣ್ಯವಂತೆ ಎಂದರು ಎಲ್ಲರೂ. ನನಗೆ ಆ ಬಸ್ಸೇ ಬೇಕು. ಅಲ್ಲಿ ಜಗಲಿಯ ಮೇಲೆ ಕಾಯುತ್ತಿದ್ದವರು ನನ್ನ ಡಬ್ಬಿಯ ಮುಚ್ಚಳ ತೆಗೆದು, ಒಂದು ಚೂರು ಬಾಯಿಗೆ ಹಾಕಿಕೊಂಡು ಉಪ್ಪು ಕಮ್ಮಿ ಎನ್ನುತ್ತಿದ್ದರು. ಇಲ್ಲಿ ನಡುವೆ ಗಾಜಿದೆ.

ಮಧ್ಯಾಹ್ನ ಆ ಗಾಜಿನ ಕಿಂಡಿಯೊಳಗೆ ಒಂದು ಕೈ ಬಂತು. ಎಲೆಗೆ ಸುಣ್ಣ ಸವರಿ ಸವರಿ ಗೆರೆ ಅಳಿಸಿಹೋದ ಹೆಬ್ಬೆರಳು. ಮುಖ ನೋಡುವ ಮೊದಲೇ ಗೊತ್ತಾಯಿತು, ಸೋಸಲೆಯ ಅಜ್ಜಿ.

"ಆ ಹೊಸ ಉಡುಗಿ ತಾವ ಮಿಸನ್ನು ನನ್ ಹೆಬ್ಬೆಟ್ಟು ತಗಳ್ಳಾಕಿಲ್ಲ ಕಣವ್ವ. ಪಿಂಚ್ಣಿಗೆ ಬದ್ಕಿವ್ನಿ ಅಂತ ಒತ್ತುದ್ರೆ ಇಲ್ಲ ಅಂತದೆ. ಹಿಟ್ಟುಂಡು ಬಂದಿರೋಳ್ಗೆ."

"ಇನ್ನೊಂದು ಸಲ ಒತ್ತಬೇಕಿತ್ತು ಅಜ್ಜಿ."

"ನಿನ್ ಕೈಗುಣ ಅವಳ್ಗೆ ಎಲ್ಲಿಂದವ್ವ ಬತ್ತದೆ? ವರ್ಸಾ ವರ್ಸಾ ಇಲ್ಗೇ ಬತ್ತೀನಿ, ಬುಡು."

ನಮ್ಮ ಕಡೆ ಔಷಧಿಗೂ ಬಿತ್ತನೆಗೂ ಕೈಗುಣ ನೋಡುತ್ತಾರೆ. ನಾನು ಮಾಡುತ್ತಿದ್ದದ್ದು ಇಷ್ಟೇ: ಫ್ಲಾಸ್ಕಿನ ಬಿಸಿನೀರಲ್ಲಿ ಅವರ ಬೆರಳು ಅದ್ದಿ ಒರೆಸಿ, ನನ್ನ ಜಡೆಯ ಎಣ್ಣೆ ಒಂದಿಷ್ಟು ಸವರಿ ಒತ್ತಿಸುತ್ತಿದ್ದೆ. ತಲೆ ಸವರಿಕೊಂಡ ಕೈ ಅವರಿಗೆ ಮಂತ್ರದಂತೆ ಕಂಡಿರಬೇಕು.

ಇವತ್ತೂ ಹಾಗೇ ಮಾಡಿದೆ. ಹಸಿರು ದೀಪ ಬಂತು, ಈ ವರ್ಷದ ಪಿಂಚಣಿ ಉಳಿಯಿತು. ಬನ್ನಿ ಅಜ್ಜಿ, ನನ್ನ ಹತ್ತಿರವೇ ಬನ್ನಿ ಎನ್ನುವ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಅವರು ಮಂಡಿ ಹಿಡಿದುಕೊಂಡು ಗೋಡೆಗೆ ಒರಗಿದರು. ಬಿಸಿನೀರು, ಎಣ್ಣೆ, ಎಲ್ಲ ಬಿಡಿಸಿ ಹೇಳಿಬಿಟ್ಟೆ. ಅವರ ಎದುರಿಗೇ ಸೋಸಲೆಯ ಹುಡುಗಿಗೂ ಫೋನು ಮಾಡಿ ಹೇಳಿದೆ.

ಅಜ್ಜಿ ಹೆಬ್ಬೆರಳು ತಿರುಗಿಸಿ ನೋಡಿಕೊಂಡರು. "ಇಷ್ಟೇಯಾ? ಅಂಗಾರೆ ಇನ್ ಬರಾ ಕೆಲ್ಸಿಲ್ಲ. ಒಳ್ಳೇದಾಯ್ತು. ಬಸ್ ಅತ್ತೋವಾಗ ಆ ಕಂಡಕ್ಟ್ರು ಬೈಯ್ತಾನೆ."

"ಹೂಂ ಅಜ್ಜಿ, ಬರಬೇಡಿ" ಎಂದೆ.

ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿದೆ. ಹತ್ತಿ ಕೂತ ಮೇಲೆ ಅವರು ಪಕ್ಕದವರ ಜೊತೆ ಮಾತಿಗೆ ತೊಡಗಿದರು, ಈ ಕಡೆ ತಿರುಗಲಿಲ್ಲ. ಮುಂದಿನ ಸೋಸಲೆ ಬಸ್ಸು ಬಂದು ಹೋಗುವವರೆಗೂ ನಾನು ಅಲ್ಲೇ ನಿಂತಿದ್ದೆ.

ರಾತ್ರಿಗೆ ಮುದ್ದೆ, ಮಸೊಪ್ಪು. ಅತ್ತೆ ಮೊದಲು ಮಲಗಿದರು, ಆಮೇಲೆ ಇವರು.