ವಿಮಾನ ತಡೆದ ಎಣಿಕೆಯಕ್ಕ

ಬೆಳಗಿನ ಐದೂಕಾಲು. ವಿಮಾನ ನಿಲ್ಲಿಸುವ ಹ್ಯಾಂಗರಿನ ದೊಡ್ಡ ಬಾಗಿಲು ಇನ್ನೂ ಅರ್ಧ ಮಾತ್ರ ಸರಿದಿದೆ. ಒಳಗಿನ ಮೂಲೆಯಲ್ಲಿ, ಜಾಲರಿ ಹಾಕಿದ ಕಿಟಕಿಯ ಹಿಂದಿನ ಪುಟ್ಟ ಕೋಣೆಯಲ್ಲಿ, ನಲವತ್ತನಾಲ್ಕರ ಹೆಂಗಸೊಬ್ಬರು ಗೋಡೆಗೆ ಮುಖ ಮಾಡಿ ನಿಂತಿದ್ದಾರೆ. ತುಟಿ ಅಲ್ಲಾಡುತ್ತಿದೆ. ದೂರದಿಂದ ನೋಡಿದವರು ಪ್ರಾರ್ಥನೆ ಎಂದುಕೊಂಡರೆ ತಪ್ಪಿಲ್ಲ. ಹತ್ತಿರ ಹೋದರೆ ಕೇಳಿಸುವುದು ಎಣಿಕೆ: "ನೂರ ಹನ್ನೆರಡು, ನೂರ ಹದಿಮೂರು..." ನಡುವೆ ಯಾರಾದರೂ ಮಾತನಾಡಿಸಿದರೆ ಎಡಗೈ ಎತ್ತಿ ತಡೆಯುತ್ತಾರೆ. ಮ್ಯಾನೇಜರ್ ಬಂದರೂ ಅಷ್ಟೇ ಮರ್ಯಾದೆ.

ಗೋಡೆಯ ಮೇಲೆ ಒಂಬತ್ತು ಹಲಗೆ. ಹಲಗೆಯ ತುಂಬ ಮೊಳೆ, ಮೊಳೆಗೊಂದು ಸಾಮಾನು: ಸ್ಪ್ಯಾನರ್, ಇಕ್ಕಳ, ಸುತ್ತಿಗೆ, ಟಾರ್ಚ್, ಹಲ್ಲಿನ ಡಾಕ್ಟರ ಹತ್ತಿರ ಇರುವಂಥ ಉದ್ದ ಕಡ್ಡಿಯ ಕನ್ನಡಿ. ಎಲ್ಲಾ ಸೇರಿ ಆರುನೂರ ನಲವತ್ತು. ಪ್ರತಿಯೊಂದರ ಹಿಂದೆಯೂ ಅದರದೇ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿದ್ದಾರೆ. ವಿಮಾನ ರಿಪೇರಿ ಮಾಡುವ ಮೆಕ್ಯಾನಿಕ್ ಕಿಟಕಿಗೆ ಬಂದು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಗಳಲ್ಲಿ ಒಂದನ್ನು ಕೊಟ್ಟರೆ ಸಾಮಾನು ಸಿಗುತ್ತದೆ. ಬಿಲ್ಲೆ ಅದೇ ಮೊಳೆಗೆ ನೇತುಬೀಳುತ್ತದೆ. ಸಾಮಾನು ವಾಪಸ್ ಬಂದರೆ ಬಿಲ್ಲೆ ವಾಪಸ್. ಮೊಳೆಯ ಮೇಲೆ ಎರಡರಲ್ಲೊಂದು ಇರಲೇಬೇಕು. ಎರಡೂ ಇಲ್ಲವೆಂದರೆ ಆ ಸಾಮಾನು ವಿಮಾನದ ಹೊಟ್ಟೆಯೊಳಗೇ ಎಲ್ಲೋ ಕೂತಿರಬಹುದು. ಅದು ಸಿಗುವ ತನಕ ವಿಮಾನ ಕದಲುವಂತಿಲ್ಲ.

ಇಲ್ಲಿ ಇವರಿಗೆ ಎಣಿಕೆಯಕ್ಕ ಎಂದೇ ಹೆಸರು. ದಿನಕ್ಕೆ ನಾಲ್ಕು ಸಲದಂತೆ ಹದಿನೆಂಟು ವರ್ಷದಿಂದ ಎಣಿಸುತ್ತಿದ್ದಾರೆ. ಒಟ್ಟು ಎಷ್ಟಾಯಿತೆಂದು ಗುಣಿಸಲು ಹೋದವರಿಗೆ ತಲೆ ತಿರುಗುತ್ತದೆ, ಅವರಿಗೆ ಮಾತ್ರ ಇನ್ನೂ ಬೇಸರ ಬಂದಿಲ್ಲ. "ಎಣಿಸೋದು ಬೇಸರ ಅಂದ್ಕೊಂಡ್ರೆ ಬೇಸರ. ನಾನು ಒಂದೊಂದನ್ನೂ ಮಾತಾಡಿಸ್ತೀನಿ. ಇದು ಬಂತಾ, ಅದು ಬಂತಾ, ನೀನೆಲ್ಲಪ್ಪ ಹೋಗಿದ್ದೆ ಅಂತ," ಎನ್ನುತ್ತಾರೆ.

ಮೊದಲು ಸೇರಿದ್ದು ಹ್ಯಾಂಗರ್ ಗುಡಿಸುವ ಕೆಲಸಕ್ಕೆ. ಗಂಡನ ಹೊಲಿಗೆ ಅಂಗಡಿ ಮುಚ್ಚಿಹೋಗಿ, ಮಗಳಿನ್ನೂ ಕೈಗೂಸಾಗಿದ್ದ ಕಾಲ. ಕಸದ ಜೊತೆ ಸಿಕ್ಕ ಒಂದೊಂದು ಬೋಲ್ಟನ್ನೂ ಡಬ್ಬಿಗೆ ಹಾಕಿ, ಎಲ್ಲಿ ಸಿಕ್ಕಿತೆಂದು ಚೀಟಿ ಬರೆದು ಕೊಡುತ್ತಿದ್ದರು. ಯಾರೂ ಹಾಗೆ ಹೇಳಿರಲಿಲ್ಲ. ಆಗಿನ ಸ್ಟೋರ್‌ಕೀಪರ್ ಆ ಚೀಟಿಗಳನ್ನು ಆರು ತಿಂಗಳು ಕೂಡಿಟ್ಟು ನೋಡಿ, ಕೆಲಸ ಬಿಡುವಾಗ ಕೋಣೆಯ ಬೀಗದಕೈಯನ್ನು ಇವರ ಕೈಗೇ ಹಾಕಿ ಹೋದರು. ಓದಿದ್ದು ಹತ್ತನೇ ಕ್ಲಾಸು. ಆರುನೂರ ನಲವತ್ತು ಸಾಮಾನಿನ ಹೆಸರು, ಅಳತೆ, ನಂಬರು ಎಲ್ಲವೂ ಈಗ ಬಾಯಿಪಾಠ.

ಚಾಳಿ ಮನೆಗೂ ಬಂದಿದೆ. ಊಟ ಮುಗಿದ ಮೇಲೆ ಚಮಚ ಎಣಿಸದೆ ಮಲಗುವುದಿಲ್ಲ. ಈಗ ಮನೆಯಲ್ಲೇ ಹೊಲಿಗೆ ಹಾಕುವ ಗಂಡ ನಗುತ್ತಾರೆ: "ನೆಂಟರು ತಪ್ಪು ತಿಳ್ಕೋತಾರೆ ಕಣ್ರೀ. ಕೈ ತೊಳೆದು ಬರೋಷ್ಟರಲ್ಲಿ ಇವಳು ಹದಿನಾಲ್ಕು, ಹದಿನೈದು ಅಂತ ಶುರು ಹಚ್ಕೊಂಡಿರ್ತಾಳೆ."

ಎರಡು ವರ್ಷದಿಂದ ಕಂಪನಿಗೆ ಗ್ರಹಚಾರ ಕೆಟ್ಟಿದೆ. ಸಣ್ಣ ಊರುಗಳ ನಡುವೆ ಹಾರುವ ಸಣ್ಣ ಕಂಪನಿ ಇದು. ವಿಮಾನಗಳು ಸ್ವಂತದ್ದಲ್ಲ, ಬಾಡಿಗೆಯವು. ಐದಿದ್ದವು, ಒಂದೊಂದಾಗಿ ಮಾಲೀಕರ ಪಾಲಾಗುತ್ತಿವೆ. ಸಂಬಳ ಬಂದಾಗ ಬಂತು. ಬೀದಿಯ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮೊಬೈಲಿನಲ್ಲಿ ಎಲ್ಲಿ ನೋಡಿದರೂ ದಿವಾಳಿಯ ಮಾತೇ. ಎಣಿಕೆಯಕ್ಕ ಮಾತ್ರ ಜಗ್ಗುವವರಲ್ಲ. "ಮೊಬೈಲ್‌ನಲ್ಲಿ ನಮ್ಮ ಕಂಪನಿ ಈ ತಿಂಗಳಲ್ಲೇ ಮೂರು ಸಲ ಮುಚ್ಚಿದೆ. ಮೂರು ದಿನಾನೂ ನಾನು ಕೆಲಸಕ್ಕೆ ಹೋಗಿದೀನಿ," ಎನ್ನುತ್ತಾರೆ. ಹೇಳುವಾಗ ನಗುತ್ತಾರೆ, ನಿಜ. ಆದರೆ ಮಗಳ ನರ್ಸಿಂಗ್ ಓದು ಇನ್ನೂ ಒಂದು ವರ್ಷವಿದೆ. ನಗು ಅರ್ಧಕ್ಕೇ ನಿಲ್ಲುತ್ತದೆ.

ಈ ಬರಹಕ್ಕೆ ಕಾರಣವಾದದ್ದು ಮೂರು ವಾರದ ಹಿಂದಿನ ಒಂದು ಮಧ್ಯಾಹ್ನ.

ಅಂದು ಮೂರನೆಯ ವಿಮಾನ ಹೋಗುವ ದಿನ. ಮಾಲೀಕರ ಕಡೆಯಿಂದ ಇಬ್ಬರು ಪೈಲಟ್‌ಗಳೂ ಒಬ್ಬ ಎಂಜಿನಿಯರೂ ಬಂದಿದ್ದರು. ಸಿಬ್ಬಂದಿ ಏನಾದರೂ ನೆಪ ತೆಗೆದು ತಡೆಯಬಹುದು ಎಂದು ಅವರಿಗೆ ಯಾರೋ ಮೊದಲೇ ಕಿವಿ ಊದಿದ್ದರು. ಅವಸರವೋ ಅವಸರ. ಹೊರಡುವ ಕಾಗದಕ್ಕೆ ಎಣಿಕೆಯಕ್ಕನ ರುಜು ಬೀಳಬೇಕು, ಅಂದು ಎಣಿಕೆಗೆ ಮೊದಲೇ ಮ್ಯಾನೇಜರ್ ತಾವೇ ರುಜು ಹಾಕಿ ಕೊಟ್ಟುಬಿಟ್ಟರು. ಇನ್ನುಳಿದ ಎರಡು ವಿಮಾನಗಳ ಮಾತುಕತೆ ಅದೇ ಮಾಲೀಕರೊಂದಿಗೆ ನಡೆದಿತ್ತು. ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾರಿಗೂ ಇರಲಿಲ್ಲ.

ಎಣಿಕೆಯಕ್ಕ ತಮ್ಮ ಪಾಡಿಗೆ ಎಣಿಸುತ್ತಿದ್ದರು. ಏಳನೇ ಹಲಗೆಯಲ್ಲಿ ಬೆರಳು ನಿಂತಿತು. ಹೆಬ್ಬೆರಳಿನಷ್ಟೇ ಉದ್ದದ, ಇಕ್ಕಟ್ಟಿನ ಜಾಗಕ್ಕೆ ಬಳಸುವ ಗಿಡ್ಡ ಸ್ಕ್ರೂ ಡ್ರೈವರಿನ ಜಾಗ ಖಾಲಿ. ಬಿಲ್ಲೆಯೂ ಇಲ್ಲ. ಬಿಲ್ಲೆ ಇಲ್ಲದ ಮೇಲೆ ಒಯ್ದವರು ಯಾರೆಂದೂ ತಿಳಿಯದು. ಮತ್ತೊಮ್ಮೆ ಮೊದಲಿಂದ ಎಣಿಸಿದರು. ಆರುನೂರ ಮೂವತ್ತೊಂಬತ್ತು.

ಹೊರಗೆ ವಿಮಾನದ ಬಾಗಿಲು ಹಾಕಿಯಾಗಿತ್ತು. ಬಲಗಡೆಯ ಎಂಜಿನ್ ಶುರುವಾದ ಸದ್ದು ಕೇಳಿಸಿತು. ಹ್ಯಾಂಗರಿನ ಮುಂದೆ ಒಂದು ಹಳದಿ ಗೆರೆಯಿದೆ. ಅದರಾಚೆ ಕಾಲಿಡಲು ಇವರಿಗೆ ಅನುಮತಿಯಿಲ್ಲ. ಹದಿನೆಂಟು ವರ್ಷದಲ್ಲಿ ಒಮ್ಮೆಯೂ ದಾಟದ ಆ ಗೆರೆಯನ್ನು ದಾಟಿ ಓಡಿದರು. ಪೈಲಟ್ಟಿಗೆ ಕಾಣುವ ಕಡೆ, ಸಾಕಷ್ಟು ದೂರದಲ್ಲಿ ನಿಂತು, ಎರಡೂ ತೋಳನ್ನು ತಲೆಯ ಮೇಲೆ ಅಡ್ಡಡ್ಡ ಹಿಡಿದರು. ನಿಲ್ಲಿಸು ಎಂಬ ಸನ್ನೆ. ಸಹೋದ್ಯೋಗಿಗಳು ಮಾಡುವುದನ್ನು ಕಿಟಕಿಯಿಂದ ನೋಡಿದ್ದು ಬಿಟ್ಟರೆ ಕಲಿತದ್ದಲ್ಲ.

ಎಂಜಿನ್ ನಿಂತಿತು. ಇಳಿದು ಬಂದ ಎಂಜಿನಿಯರ್ ಕೆಂಡವಾಗಿದ್ದರು. "ಇಂಥದ್ದೇನೋ ನಾಟಕ ಮಾಡ್ತೀರಿ ಅಂತ ನಮಗೆ ಮೊದಲೇ ಹೇಳಿದ್ರು."

ಮ್ಯಾನೇಜರ್ ಓಡೋಡಿ ಬಂದರು. ತಗ್ಗಿದ ದನಿಯಲ್ಲಿ ಹೇಳಿದರು: "ಅಕ್ಕ, ಅದು ಈಗ ನಮ್ಮ ವಿಮಾನ ಅಲ್ಲ. ಇವರಿಗೆ ಸಿಟ್ಟು ಬಂದ್ರೆ ಇರೋ ಎರಡನ್ನೂ ಇವತ್ತೇ ಎಳ್ಕೊಂಡು ಹೋಗ್ತಾರೆ. ನೂರ ನಲವತ್ತು ಮನೆ ಬೀದಿಗೆ ಬರುತ್ತೆ. ನಿಮ್ಮಿಂದ."

"ವಿಮಾನ ಅವರದ್ದೇ ಸಾರ್. ಒಳಗಿರೋ ಸ್ಕ್ರೂ ಡ್ರೈವರ್ ನಮ್ಮದು."

"ಒಂದು ಸ್ಕ್ರೂ ಡ್ರೈವರ್ ಹೋದ್ರೆ ಹೋಗ್ಲಿ ಬಿಡಿ."

"ಹೋಗ್ಲಿ ಸಾರ್. ಅದ್ರ ಜೊತೆ ಮೂರು ಜನ ಹೋಗ್ತಿದ್ದಾರಲ್ಲ."

ಹುಡುಕಾಟ ಶುರುವಾಯಿತು. ಎಡಗಡೆಯ ಎಂಜಿನ್ನಿನ ಮುಚ್ಚಳ ತೆಗೆದರು, ಇಲ್ಲ. ಬಲಗಡೆಯದೂ ತೆಗೆದರು, ಇಲ್ಲ. ಒಂದು ಗಂಟೆ ದಾಟಿತು. ಎಂಜಿನಿಯರ್ ಯಾರಿಗೋ ಫೋನ್ ಮಾಡಿ, ಉಳಿದೆರಡರ ಕಾಗದಪತ್ರವನ್ನೂ ತಯಾರು ಮಾಡಲು ಹೇಳಿದ್ದು ಎಲ್ಲರ ಕಿವಿಗೂ ಬಿತ್ತು. ಬೆಳಗ್ಗೆ ಜೊತೆಗೆ ಕೂತು ತಿಂಡಿ ತಿಂದವರೇ ಈಗ ಎಣಿಕೆಯಕ್ಕನ ಕಡೆ ನೋಡದೆ ಓಡಾಡತೊಡಗಿದರು. ಆ ಹೊತ್ತನ್ನು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: "ಎರಡು ಸಲ ಎಣಿಸಿದ್ದೆ. ಆದ್ರೂ ನಾನೇ ತಪ್ಪಿದ್ನಾ ಅಂತ ಅನುಮಾನ. ಎಲ್ರ ಮಕ್ಕಳ ಮುಖಾನೂ ಕಣ್ಣ ಮುಂದೆ ಬಂತು. ಸರಿ, ಬಿಟ್ಬಿಡಿ, ಹೋಗ್ಲಿ ಅನ್ನೋ ಮಾತು ನಾಲಗೆ ತುದೀವರೆಗೂ ಬಂದಿತ್ತು." ಆದರೆ ಹೇಳಲಿಲ್ಲ. ಬಿಸಿಲಲ್ಲಿ, ಗೆರೆಯಾಚೆಯೇ, ನಿಂತೇ ಇದ್ದರು.

ಅಷ್ಟರಲ್ಲಿ ಹ್ಯಾಂಗರಿನ ಹಿಂಬಾಗಿಲಿನಿಂದ ದೊಡ್ಡಣ್ಣ ಬಂದರು. ಎಲ್ಲರಿಗಿಂತ ಹಿರಿಯ ಮೆಕ್ಯಾನಿಕ್, ಹನ್ನೊಂದು ವರ್ಷ ಆ ವಿಮಾನವನ್ನೇ ನೋಡಿಕೊಂಡವರು. ವಿಮಾನದ ಜೊತೆ ಅವರ ಕೆಲಸವೂ ಹೋಗುತ್ತಿತ್ತು. ತಮ್ಮ ಬಿಲ್ಲೆಗಳನ್ನು ಆಫೀಸಿಗೆ ಒಪ್ಪಿಸಿ, ವಿಮಾನ ಏರುವುದನ್ನು ನೋಡಲಾಗದೆ, ಹಿಂದಿನ ಕೋಣೆಯಲ್ಲಿ ಒಬ್ಬರೇ ಕೂತಿದ್ದರು. ಶುರುವಾಗಿ ನಿಂತ ಸದ್ದು ಯಾಕೆ ಮತ್ತೆ ಬರಲಿಲ್ಲ ಎಂದು ಎದ್ದು ಬಂದರೆ ಈ ಗಲಾಟೆ. ಏನು ಕಳೆದಿದೆ ಎಂದು ಕೇಳಿದರು. ಹೇಳಿದರು. ದೊಡ್ಡಣ್ಣನ ಕೈ ತಾನಾಗಿ ಅಂಗಿ ಜೇಬಿಗೆ ಹೋಯಿತು. ಹೊರಬಂದದ್ದು ಅವರ ನಂಬರಾದ ಏಳರ ಹಿತ್ತಾಳೆ ಬಿಲ್ಲೆ.

ಬೆಳಗ್ಗೆ ಕಿಟಕಿಯ ಹತ್ತಿರ ಹೋದಾಗ ಎಣಿಕೆಯಕ್ಕ ಒಳಗೆ ಯಾರಿಗೋ ಸಾಮಾನು ಹುಡುಕುತ್ತಿದ್ದರಂತೆ. ಕಿಟಕಿಗೆ ತಾಗಿದ ಹಲಗೆಯ ಮೇಲೆ ತನ್ನ ನಂಬರು ಕಂಡಿತಂತೆ. ಎಲ್ಲಾ ಒಪ್ಪಿಸಿಯಾಯಿತು, ಇದೊಂದು ನೆನಪಿಗೆ ಇರಲಿ ಎಂದು ಕೈಚಾಚಿ ತೆಗೆದು ಜೇಬಿಗಿಟ್ಟರಂತೆ. ಮೊಳೆಯ ಮೇಲೆ ಬಿಲ್ಲೆ ಇದೆಯೆಂದರೆ ಸಾಮಾನು ಹೊರಗಿದೆ ಎಂಬುದನ್ನು ಹೊಸಬರಿಗೆ ಕಲಿಸುತ್ತಿದ್ದವರೇ ಅವರು. ಅಂದು ಮಾತ್ರ ಅವರ ಕಣ್ಣಿಗೆ ನಂಬರಷ್ಟೇ ಕಂಡಿತು.

"ಎಡಗಡೆ ಚಕ್ರ," ಎಂದರು ದೊಡ್ಡಣ್ಣ. "ಚಕ್ರದ ಗೂಡಿನ ಸಣ್ಣ ಮುಚ್ಚಳದ ಒಳಗೆ ಸ್ಕ್ರೂ ಬಿಗಿಯುವಾಗ ಕಣ್ಣು ಮಂಜಾಯ್ತು. ಒರೆಸ್ಕೊಳ್ಳೋಕೆ ಅಂತ ಒಳಗಿಟ್ಟೆ. ತೆಗೀದೇನೇ ಮುಚ್ಚಳ ಹಾಕ್ಬಿಟ್ಟೆ."

ಮುಚ್ಚಳ ಬಿಚ್ಚಿದರು. ಚಕ್ರವನ್ನು ಮಡಚುವ ಕೀಲಿನ ಪಕ್ಕದಲ್ಲೇ, ಹೆಬ್ಬೆರಳುದ್ದದ ಆ ಸ್ಕ್ರೂ ಡ್ರೈವರ್ ಮಲಗಿತ್ತು. ಮೇಲೆ ಹೋದ ಮೇಲೆ ಮಡಚಿದ ಚಕ್ರ ಮತ್ತೆ ಇಳಿಯುತ್ತಿತ್ತೇ? ಎಂಜಿನಿಯರ್ ಅದನ್ನು ಅಂಗೈಯಲ್ಲಿಟ್ಟುಕೊಂಡು ತಾವೇ ಕಿಟಕಿಯ ತನಕ ನಡೆದು ಬಂದು, ಕೋಣೆಗೆ ಮರಳಿದ್ದ ಎಣಿಕೆಯಕ್ಕನ ಕೈಗೆ ಕೊಟ್ಟು, ಒಂಬತ್ತು ಹಲಗೆಯನ್ನೂ ಒಂದು ಸುತ್ತು ನೋಡಿದರು. "ಇಷ್ಟರಲ್ಲಿ ಇದೊಂದಿಲ್ಲ ಅಂತ ಗೊತ್ತಾಯ್ತಾ ನಿಮಗೆ?" ಎಂದು ಕೇಳಿದರು. ಉಳಿದೆರಡರ ತೀರ್ಮಾನ ತನ್ನ ಕೈಯಲ್ಲಿಲ್ಲ, ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ ಎಂದು ಹೇಳಿ ವಿಮಾನ ಹತ್ತಿದರು.

ನಡೆದದ್ದನ್ನು ಎಣಿಕೆಯಕ್ಕ ರಿಜಿಸ್ಟರಿನಲ್ಲಿ ಬರೆದರು. ಏಳನೇ ನಂಬರು, ತಪ್ಪು ಹೀಗೆ ಹೀಗೆ. ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. "ನನ್ನ ಡಬ್ಬಿಯಿಂದ ಊಟ ಮಾಡ್ದೋರು. ನನ್ನ ಮಗಳಿಗೆ ಸೈಕಲ್ ಕಲಿಸ್ದೋರು. ಕೊನೇ ದಿನ ಅವರ ಹೆಸರಲ್ಲಿ ತಪ್ಪು ಬರೆಯೋದಂದ್ರೆ ಹೇಗೆ? ಅವರೇ ಬಂದು, ಬರಿ ತಾಯಿ, ಬರೀದಿದ್ರೆ ನಾನೇ ಬೈತೀನಿ ಅಂದ್ರು. ಬರೆದೆ. ಕೆಳಗೆ ಅವರೇ ರುಜು ಹಾಕಿದ್ರು."

ಮರುದಿನ ಊರಿಗೆಲ್ಲ ಹಬ್ಬಿದ ಸುದ್ದಿಯೇ ಬೇರೆ. ದಿವಾಳಿಯೆದ್ದ ಕಂಪನಿಯ ಹೆಂಗಸೊಬ್ಬಳು ಸಂಬಳಕ್ಕಾಗಿ ವಿಮಾನಕ್ಕೆ ಅಡ್ಡ ಮಲಗಿದಳಂತೆ! ನಾದಿನಿ ಗಾಬರಿಯಿಂದ ಫೋನ್ ಮಾಡಿದಳು: "ಅತ್ತಿಗೆ, ಮಲಗಿದ್ರಂತೆ ಹೌದಾ?" ಅತ್ತಿಗೆಯ ಉತ್ತರ: "ಮಲಗೋಕೆ ಪುರುಸೊತ್ತೆಲ್ಲಿತ್ತೇ, ನಿಂತೂ ನಿಂತೂ ಕಾಲು ಬಾತಿದೆ." ಸುದ್ದಿ ತಿದ್ದಲು ಕಂಪನಿ ಹೋಗಲಿಲ್ಲ. ಇವರೂ ಹೋಗಲಿಲ್ಲ. ಗೆರೆ ದಾಟಿದ್ದಕ್ಕೆ ಒಂದು ಎಚ್ಚರಿಕೆಯ ಪತ್ರ ಬಂತು, ಫೈಲಿಗೆ ಹಾಕಿದ್ದಾರೆ.

ಎರಡು ವಿಮಾನ ಇನ್ನೂ ಹಾರುತ್ತಿವೆ. ಎಷ್ಟು ದಿನ ಎಂದು ಯಾರೂ ಹೇಳುವುದಿಲ್ಲ. ಬೆಳಗಿನ ಎಣಿಕೆ ಮುಗಿದು ಮೊದಲ ವಿಮಾನದ ಕಾಗದಕ್ಕೆ ರುಜು ಬಿದ್ದಿದೆ. ಕಂಪನಿ ನಿಜಕ್ಕೂ ಮುಚ್ಚಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಎಣಿಕೆಯಕ್ಕ ಪೆನ್ನಿನ ಕ್ಯಾಪ್ ಹಾಕುತ್ತಾ ಸ್ವಲ್ಪ ಯೋಚಿಸುತ್ತಾರೆ.

"ಮನೆ ಹೆಂಗೋ ನಡೆಯುತ್ತೆ. ಇವರ ಹೊಲಿಗೆ ಇದೆ, ನಾನೂ ಎಲ್ಲಾದ್ರೂ ಗುಡಿಸ್ತೀನಿ. ಮುಚ್ಚಿದ್ರೆ ಇಲ್ಲಿರೋದೆಲ್ಲ ಹರಾಜಿಗೆ ಹೋಗುತ್ತಂತೆ. ಆ ದಿನ ನನ್ನನ್ನ ಒಳಗೆ ಬಿಡಬೇಕು, ಅಷ್ಟೇ ನನ್ನಾಸೆ. ತಗೊಳ್ಳೋಕೆ ಬಂದೋರ ಮುಂದೆ ನಿಂತು ಎಣಿಸಿ ಕೊಡ್ತೀನಿ. ದಿವಾಳಿ ಆದ ಕಂಪನೀಲಿ ಒಂದು ಸ್ಕ್ರೂ ಡ್ರೈವರೂ ಕಮ್ಮಿ ಇರಲಿಲ್ಲ ಅಂತ ಅವರಿಗೆ ಗೊತ್ತಾಗ್ಲಿ."